ಶಾಸನದ ಮುಂದೆ ಆಟೋಫೋಕಸ್ ಕ್ಯಾಮೆರಾ: ನಿಕಾನ್ ಎಫ್-801 ಏನನ್ನು ನೋಡುತ್ತೆ, ಏನನ್ನು ನೋಡಲ್ಲ

ಒಂದು ವೀರಗಲ್ಲಿನ ಎರಡು ನೆಗೆಟಿವ್ ನನ್ನ ಹತ್ರ ಇವೆ. ಕಲ್ಲು ಈಗ ಇಲ್ಲ. ಕೆರೆ ಏರಿ ರಿಪೇರಿ ಮಾಡುವಾಗ ಒಡೆದು ಏರಿಯೊಳಗೇ ಸೇರಿಹೋಯಿತು. ಪಡಿಯಚ್ಚು ತೆಗೆದಿರಲಿಲ್ಲ. ಹಾಗಾಗಿ ಆ ಶಾಸನಕ್ಕೆ ಉಳಿದಿರುವ ಸಾಕ್ಷಿ ಈ ಎರಡು ನೆಗೆಟಿವ್ ಮಾತ್ರ, ಅದರಲ್ಲಿ ಒಂದು ಮಸುಕು. ಯಾಕೆ ಮಸುಕಾಯಿತು ಅನ್ನೋದನ್ನ ಅರ್ಥ ಮಾಡಿಕೊಳ್ಳೋಕೆ ನನಗೆ ತುಂಬಾ ವರ್ಷ ಹಿಡಿಯಿತು. ಅದು ಅರ್ಥವಾದ ಮೇಲೆ ಕ್ಯಾಮೆರಾ ಮೇಲಿನ ಸಿಟ್ಟು ಹೋಗಿ ನನ್ನ ಮೇಲೆ ಬಂತು.

ಇಂದು ಬೆಂಗಳೂರಿನ ಮಿಥಿಕ್ ಸೊಸೈಟಿಯಲ್ಲಿ ಶಾಸನಗಳನ್ನ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ನಡೀತಿದೆ. ಹಾಗಿರುವಾಗ ಫಿಲ್ಮ್ ಕ್ಯಾಮೆರಾದ ಮಾತು ಯಾಕೆ ಅಂತ ನಿಮಗೆ ಅನ್ನಿಸಬಹುದು. ಎರಡು ಕಾರಣ ಇದೆ. ಒಂದು, 1980ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷ ಕ್ಷೇತ್ರಕಾರ್ಯ ಮಾಡಿದ ಎಷ್ಟೋ ಜನರ ಮನೆಯ ಕಪಾಟಿನಲ್ಲಿ ಇಂಥ ಕ್ಯಾಮೆರಾದಿಂದ ತೆಗೆದ ನೆಗೆಟಿವ್‌ಗಳಿವೆ. ಅವನ್ನ ಓದಬೇಕಾದರೆ ಅವು ಹೇಗೆ ಹುಟ್ಟಿದವು ಅಂತ ಗೊತ್ತಿರಬೇಕು. ಎರಡು, ಹಳೇ ಕ್ಯಾಮೆರಾ ಕೊಂಡು ಮತ್ತೆ ರೀಲು ಹಾಕಿ ಕಲ್ಲುಗಳ ಮುಂದೆ ನಿಲ್ಲುವ ಹೊಸ ಹುಡುಗರು ಈಗ ಕಾಣಸಿಗ್ತಾರೆ. ನಾನು ಮಾಡಿದ ತಪ್ಪನ್ನ ಅವರು ಮಾಡೋದು ಬೇಡ.

ಆಟೋಫೋಕಸ್ ಇರುವ ಎಸ್‌ಎಲ್‌ಆರ್ ಅಂದ್ರೆ ಜನ ಮೊದಲು ನೆನೆಯೋದು 1985ರ ಮಿನೋಲ್ಟಾ 7000. ಫೋಕಸ್ ಮಾಡುವ ಮೋಟಾರನ್ನೂ ಸಂವೇದಕವನ್ನೂ ಕ್ಯಾಮೆರಾದ ಒಡಲೊಳಗೇ ಇಟ್ಟು ಗೆದ್ದದ್ದು ಅದು. 1986ರಲ್ಲಿ ನಿಕಾನ್ ಎಫ್-501, 1987ರಲ್ಲಿ ಕ್ಯಾನನ್ ಇಒಎಸ್ 650 ಬಂದವು. ನಾನು ಬಳಸಿದ್ದು 1988ರಲ್ಲಿ ಬಂದ ನಿಕಾನ್ ಎಫ್-801. ಅಮೆರಿಕದಲ್ಲಿ ಇದನ್ನೇ ಎನ್8008 ಅಂತ ಮಾರ್ತಿದ್ರು. 1991ರಲ್ಲಿ ಇದರ ಸುಧಾರಿತ ರೂಪ ಎಫ್-801ಎಸ್ ಬಂತು. ನನ್ನದು ಮೊದಲಿನದು, ಸೆಕೆಂಡ್ ಹ್ಯಾಂಡ್. ಕೊಂಡದ್ದಕ್ಕೆ ದೊಡ್ಡ ಕಾರಣ ಸೆಲ್ಲು: ನಾಲ್ಕು ಸಾಮಾನ್ಯ ಪೆನ್‌ಸೆಲ್ ಹಾಕಿದರೆ ಸಾಕು. ವಿಶೇಷ ಬ್ಯಾಟರಿ ಬೇಡುವ ಕ್ಯಾಮೆರಾ ಹಿಡ್ಕೊಂಡು ಹಳ್ಳಿಗೆ ಹೋಗಿ, ಅದು ಮುಗಿದು ಕೂತರೆ ಆ ದಿನ ಅಲ್ಲಿಗೇ ಮುಗೀತು. ಪೆನ್‌ಸೆಲ್ ಆದರೆ ಬಸ್‌ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತೆ. ಇನ್ನೊಂದು ಮಾತು, ಎಸ್‌ಎಲ್‌ಆರ್‌ಗೆಂದು ನಿಕಾನ್ 1959ರಲ್ಲಿ ತಂದ ಲೆನ್ಸ್ ಜೋಡಣೆಯನ್ನ ಬಿಟ್ಟಿರಲಿಲ್ಲ. ಹಾಗಾಗಿ ಕೈಯಿಂದ ತಿರುಗಿಸುವ ಹಳೇ ಲೆನ್ಸುಗಳಲ್ಲಿ ಬಹುಪಾಲು ಇದಕ್ಕೆ ಕೂರುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕ್ಯಾಮೆರಾ ತಾನಾಗಿ ಫೋಕಸ್ ಮಾಡುತ್ತೆ ಅಂದರೆ ಅದು ನೋಡೋದಾದರೂ ಏನನ್ನ?

ಲೆನ್ಸಿನಿಂದ ಬಂದ ಬೆಳಕು ಕನ್ನಡಿಗೆ ಬಡಿದು ಮೇಲೆ ವ್ಯೂಫೈಂಡರ್‌ಗೆ ಹೋಗುತ್ತಲ್ಲ, ಆ ಕನ್ನಡಿಯ ನಡುಭಾಗ ಅರೆಪಾರದರ್ಶಕ. ಅದನ್ನ ದಾಟಿದ ಸ್ವಲ್ಪ ಬೆಳಕು ಹಿಂದಿರುವ ಇನ್ನೊಂದು ಪುಟ್ಟ ಕನ್ನಡಿಗೆ ತಗುಲಿ ಕ್ಯಾಮೆರಾದ ತಳಕ್ಕೆ ಇಳಿಯುತ್ತೆ. ಅಲ್ಲಿ ಎರಡು ಸಣ್ಣ ಮಸೂರಗಳು ಅದೇ ದೃಶ್ಯದ ಎರಡು ಬಿಂಬಗಳನ್ನ ಒಂದು ಸಾಲು ಸಂವೇದಕದ ಮೇಲೆ ಬೀಳಿಸುತ್ತವೆ. ಎರಡೂ ಬಿಂಬಗಳ ನಡುವೆ ಇರಬೇಕಾದ ಅಂತರ ಇಷ್ಟು ಅಂತ ಕ್ಯಾಮೆರಾಕ್ಕೆ ಗೊತ್ತು. ಅಂತರ ಕಡಿಮೆಯಾದರೆ ಫೋಕಸ್ ಒಂದು ಕಡೆ ತಪ್ಪಿದೆ, ಹೆಚ್ಚಾದರೆ ಇನ್ನೊಂದು ಕಡೆ. ಎಷ್ಟು ತಪ್ಪಿದೆ, ಯಾವ ದಿಕ್ಕಿಗೆ ತಪ್ಪಿದೆ ಎರಡೂ ಒಂದೇ ನೋಟಕ್ಕೆ ಸಿಗುತ್ತೆ. ಆಮೇಲೆ ಒಡಲಿನಲ್ಲಿರುವ ಮೋಟಾರು ಒಂದು ಸಣ್ಣ ಸ್ಕ್ರೂಡ್ರೈವರಿನಂಥ ಕಡ್ಡಿಯಿಂದ ಲೆನ್ಸನ್ನ ತಿರುಗಿಸುತ್ತೆ. ಎಫ್-801 ಕೈಯಲ್ಲಿದ್ದಾಗ ಕೇಳುವ ಆ ಗರ್ ಗರ್ ಸದ್ದು ಇದೇ.

ಎಫ್-801ರ ಸಂವೇದಕಕ್ಕೆ ಎಎಮ್200 ಅಂತ ಹೆಸರು. ಇನ್ನೂರು ಕಣಗಳನ್ನ ಅಡ್ಡ ಸಾಲಿನಲ್ಲಿ ಜೋಡಿಸಿದ್ದಾರೆ. ಇಲ್ಲೇ ಗುಟ್ಟು ಇರೋದು. ಅಡ್ಡ ಸಾಲು ಅಂದಮೇಲೆ ಅದು ಎಡದಿಂದ ಬಲಕ್ಕೆ ಹೋಗುವಾಗ ಆಗುವ ಬದಲಾವಣೆಯನ್ನ ಮಾತ್ರ ಗುರುತಿಸುತ್ತೆ. ಕಂಬ, ಬಾಗಿಲ ಪಟ್ಟಿ, ಮರದ ಬೊಡ್ಡೆ ಹೀಗೆ ನೆಟ್ಟಗೆ ನಿಂತ ಗೆರೆ ಸಿಕ್ಕರೆ ಗಬಕ್ಕನೆ ಹಿಡಿಯುತ್ತೆ. ಮಲಗಿದ ಗೆರೆ ಎಷ್ಟೇ ಸ್ಪಷ್ಟವಾಗಿದ್ರೂ ಅದಕ್ಕೆ ಕಾಣಲ್ಲ. ಸಮುದ್ರದ ದಿಗಂತಕ್ಕೆ ಹಿಡಿದರೆ ಲೆನ್ಸು ಹಿಂದಕ್ಕೆ ಮುಂದಕ್ಕೆ ತಡಕಾಡುತ್ತೆ. ನಿಲುವು, ಅಡ್ಡ ಎರಡನ್ನೂ ನೋಡುವ ಸಂವೇದಕ ಮುಂದೆ 1992ರ ಎಫ್90ರಲ್ಲಿ ಬಂತು.

ಇದನ್ನ ಒಂದು ಶಾಸನದ ಮುಂದೆ ಇಟ್ಟು ನೋಡಿ. ಶಾಸನ ಕೊರೆಯುವ ಮೊದಲು ರೂವಾರಿ ಎಷ್ಟೋ ಸಲ ಅಡ್ಡಗೆರೆ ಎಳ್ಕೊಂಡಿರ್ತಾನೆ. ಸವೆದ ಕಲ್ಲಿನಲ್ಲಿ ಅಕ್ಷರ ಮಾಸಿದ್ದರೂ ಆ ಗೆರೆಗಳು ನಮ್ಮ ಕಣ್ಣಿಗೆ ಚೆನ್ನಾಗಿ ಕಾಣುತ್ತವೆ. ಎಎಮ್200ಕ್ಕೆ ಅವು ಇಲ್ಲದ ಹಾಗೇ. ಅದಕ್ಕೆ ಬೇಕಾದದ್ದು ಅಕ್ಷರದ ಎಡಬಲ ಅಂಚು. ಕನ್ನಡ ಅಕ್ಷರ ದುಂಡಗಿರೋದರಿಂದ, ಆಳವಾಗಿ ಕೊರೆದಿದ್ದರೆ, ಆ ದುಂಡಿನ ಎರಡು ಬದಿ ಸಿಗುತ್ತವೆ. ಹೊಳಪು ಕೊಟ್ಟ ಬಳಪದ ಕಲ್ಲಿನ ಬಸದಿ ಶಾಸನಗಳಲ್ಲಿ ಈ ಕ್ಯಾಮೆರಾ ಒಂದು ಸಲಾನೂ ತಡವರಿಸಿದ್ದು ನನಗೆ ನೆನಪಿಲ್ಲ. ಸವೆದ ಕಣಶಿಲೆ ಬಂತೋ, ಕಥೆ ಬೇರೆ.

ಈಗ ನನ್ನ ವೀರಗಲ್ಲು. ಸುಮಾರು ಒಂದೂಕಾಲು ಮೀಟರ್ ಎತ್ತರ, ಮೂರು ಹಲಗೆ, ಪಟ್ಟಿಯಲ್ಲಿ ಬರಹ. ನಾಲ್ಕು ಸಾಲು ಮಾತ್ರ ಉಳಿದಿತ್ತು. ಕಲ್ಲಿನ ಮುಂದೆ ಒಂದು ಗೇಣು ದೂರದಲ್ಲಿ ಒಣಹುಲ್ಲಿನ ಕಡ್ಡಿಗಳು ನಿಂತಿದ್ದವು. ಸಂಜೆ, ಬೆಳಕು ಕಡಿಮೆ, ಕೊನೇ ಬಸ್ಸಿನ ಅವಸರ. ಹುಲ್ಲು ಕೀಳೋದಕ್ಕೆ ಸೋಮಾರಿತನ. ಮೊದಲನೇ ಸಾಲಿನ ಎಡಭಾಗಕ್ಕೆ ಕ್ಯಾಮೆರಾ ಹಿಡಿದೆ, ಗರ್ ಅಂತು, ವ್ಯೂಫೈಂಡರಿನ ಕೆಳಗೆ ಫೋಕಸ್ ಆಯಿತು ಅನ್ನುವ ಗುಂಡು ಚುಕ್ಕೆ ಬಂತು, ಒತ್ತಿದೆ. ಕ್ಯಾಮೆರಾ ಸುಳ್ಳು ಹೇಳಿರಲಿಲ್ಲ. ಫೋಕಸ್ ಆಗಿತ್ತು, ಹುಲ್ಲಿನ ಮೇಲೆ. ಅಡ್ಡಗೆರೆಗಳ ಸವೆದ ಕಲ್ಲಿನ ಮುಂದೆ ನೆಟ್ಟಗೆ ನಿಂತ ಹುಲ್ಲುಕಡ್ಡಿ ಇಟ್ಟರೆ ಈ ಸಂವೇದಕ ಇನ್ನೇನನ್ನ ಆರಿಸಿಕೊಳ್ಳುತ್ತೆ ಹೇಳಿ?

ಅಪರ್ಚರ್ ಎಫ್/4 ಇಟ್ಟಿದ್ದೆ. 60 ಮಿ.ಮೀ. ಲೆನ್ಸಿನಲ್ಲಿ ಒಂದು ಮೀಟರ್ ದೂರಕ್ಕೆ ಎಫ್/4 ಅಂದರೆ ಚೊಕ್ಕವಾಗಿ ಮೂಡುವ ಆಳ ಐದಾರು ಸೆಂ.ಮೀ. ಅಷ್ಟೆ. ಗೇಣು ಅಂದರೆ ಇಪ್ಪತ್ತಕ್ಕೂ ಮೇಲೆ. ಎಫ್/11 ಇಟ್ಟಿದ್ದರೂ ಆಳ ಹದಿನೈದರ ಆಸುಪಾಸು. ಕಲ್ಲು ಪೂರ್ತಿ ಉಳಿಯುತ್ತಿರಲಿಲ್ಲ, ಆದರೆ ಓದುವ ಮಟ್ಟಿಗೆ ಬರ್ತಿತ್ತೇನೋ. ಈ ಕ್ಯಾಮೆರಾದಲ್ಲಿ ಅಪರ್ಚರನ್ನ ನಿಜವಾಗಿ ಇಳಿಸಿ ಎಷ್ಟು ಆಳ ಬರುತ್ತೆ ಅಂತ ಮೊದಲೇ ನೋಡುವ ಗುಂಡಿ ಇದೆ. ಅದನ್ನ ಒತ್ತಿದ್ದರೆ ಗೊತ್ತಾಗ್ತಿತ್ತು. ಒತ್ತಲಿಲ್ಲ.

ಆ ಮಸುಕಿನಲ್ಲಿ ಹೋದದ್ದು ಏನು ಅಂತ ಹೇಳ್ತೀನಿ. ಸಾಲು ಹೀಗೆ ಶುರುವಾಗುತ್ತೆ: ಸ್ವಸ್ತಿ ಶ್ರೀ, ಆಮೇಲೆ ಶಕವರ್ಷ, ಆಮೇಲೆ ಅಂಕಿ. ೧, ನಂತರ ಒಂದು ದುಂಡು, ನಂತರ ೨೮. ಆ ದುಂಡು ೦ ಇರಬಹುದು, ೧ ಕೂಡ ಇರಬಹುದು. ಹಳೆಗನ್ನಡ ಅಂಕಿ ಓದಿದವರಿಗೆ ಗೊತ್ತು, ಸೊನ್ನೆಗೂ ಒಂದಕ್ಕೂ ಇರೋ ವ್ಯತ್ಯಾಸ ಒಂದು ಬಾಯಿ ತೆರೆದದ್ದು, ಇನ್ನೊಂದು ಮುಚ್ಚಿದ್ದು. ಮಸುಕಾದ ನೆಗೆಟಿವ್‌ನಲ್ಲಿ ಎಲ್ಲ ಬಾಯಿಯೂ ಮುಚ್ಚಿದ ಹಾಗೇ ಕಾಣುತ್ತೆ. ಕೆಳಗಿನ ಸಾಲಿನಲ್ಲಿ ಬಲ್ಲಾಳದೇವ ಅಂತ ಇದೆ. ಶಕ 1028 ಆದರೆ ಕ್ರಿ.ಶ. 1106, ಒಂದನೇ ಬಲ್ಲಾಳನ ಕಾಲ. ಶಕ 1128 ಆದರೆ 1206, ಎರಡನೇ ಬಲ್ಲಾಳನದ್ದು. ಒಂದು ಚುಕ್ಕೆಯಷ್ಟು ಜಾಗದಲ್ಲಿ ನೂರು ವರ್ಷ. ಒಂದನೇ ಬಲ್ಲಾಳ ಆಳಿದ್ದು 1102ರಿಂದ 1108ರವರೆಗೆ ಮಾತ್ರ. ಅವನ ಕಾಲದ ಒಂದೊಂದು ಕಲ್ಲಿಗೂ ಬೆಲೆ ಇದೆ.

ಸಂವತ್ಸರದ ಹೆಸರು ನೋಡಿ ನಿರ್ಧರಿಸಬಹುದಲ್ಲ ಅಂತ ನೀವು ಕೇಳ್ತೀರಿ. ನಾನೂ ಅದನ್ನೇ ನೆಚ್ಚಿದ್ದೆ. ಲೆಕ್ಕ ಹಾಕಿ: ಶಕ 1028 ವ್ಯಯ ಸಂವತ್ಸರ, ಶಕ 1128 ಕ್ಷಯ ಸಂವತ್ಸರ. ನನ್ನ ಎರಡನೇ ನೆಗೆಟಿವ್, ಅಂದರೆ ಸಾಲಿನ ಬಲಭಾಗ, ಚೊಕ್ಕವಾಗಿದೆ. ಅದು ಶುರುವಾಗೋದು 'ಯ ಸಂವತ್ಸರ' ಅಂತ! ಎರಡೂ ಹೆಸರು 'ಯ'ದಲ್ಲೇ ಮುಗಿಯಬೇಕೇ? ಲಿಪಿಯ ಆಧಾರದ ಮೇಲೆ ಹೇಳೋಣ ಅಂದರೆ, ಹಳ್ಳಿಯ ಒರಟು ಕೈಯ ನಾಲ್ಕು ಸಾಲು. ನಾನಂತೂ ಅದರ ಮೇಲೆ ನೂರು ವರ್ಷದ ತೀರ್ಪು ಕೊಡಲಾರೆ.

ಹಾಗಾದರೆ ಏನು ಮಾಡಬೇಕಿತ್ತು? ಈ ಕ್ಯಾಮೆರಾದಲ್ಲೇ ದಾರಿ ಇತ್ತು. ಷಟರ್ ಗುಂಡಿಯನ್ನ ಅರ್ಧ ಒತ್ತಿ ಹಿಡಿದರೆ ಸಿಂಗಲ್ ಸ್ಥಿತಿಯಲ್ಲಿ ಫೋಕಸ್ ಅಲ್ಲೇ ನಿಲ್ಲುತ್ತೆ. ಕ್ಯಾಮೆರಾವನ್ನ ನೆಟ್ಟಗೆ ತಿರುಗಿಸಿದರೆ ಸಂವೇದಕದ ಸಾಲೂ ನೆಟ್ಟಗಾಗುತ್ತೆ. ಆಗ ಶಾಸನದ ಅಡ್ಡಗೆರೆಗಳೇ ಅದಕ್ಕೆ ಹಬ್ಬ. ಹಾಗೆ ಹಿಡಿದು, ಅರ್ಧ ಒತ್ತಿ, ಅದೇ ದೂರದಲ್ಲಿ ಮತ್ತೆ ಅಡ್ಡಕ್ಕೆ ತಿರುಗಿಸಿ ಪೂರ್ತಿ ಒತ್ತಬೇಕು. ಇಲ್ಲವೇ ಅಳತೆಪಟ್ಟಿಯನ್ನ ಕಲ್ಲಿಗೆ ಆನಿಸಿ ಅದರ ಗೀಟುಗಳ ಮೇಲೆ ಫೋಕಸ್ ಹಿಡಿಯಬಹುದು. ಅಳತೆ ಹೇಗೂ ಚಿತ್ರದಲ್ಲಿ ಇರಲೇಬೇಕು. ಸೀಮೆಸುಣ್ಣ ಉಜ್ಜೋದು ಮಾತ್ರ ಬೇಡ, ಅದು ಕಲ್ಲಿಗೂ ಓದಿಗೂ ಕೇಡು. ಸುಣ್ಣ ತುಂಬಿದ ಅಕ್ಷರ ಶಾಸನದ್ದಲ್ಲ, ಸುಣ್ಣ ಹಚ್ಚಿದವರ ಊಹೆಯದ್ದು. ಇವೆಲ್ಲಕ್ಕಿಂತ ಸುಲಭ, ಆಟೋಫೋಕಸ್ ಆರಿಸಿ ಕೈಯಿಂದ ತಿರುಗಿಸೋದು. ಆಗಲೂ ಎಡ ಬಾಣ, ಬಲ ಬಾಣ, ಗುಂಡು ಚುಕ್ಕೆ ತೋರಿಸಿ ಕ್ಯಾಮೆರಾ ಸಹಾಯ ಮಾಡುತ್ತೆ. ಈ ಸಹಾಯಕ್ಕೂ ಅದೇ ಸಂವೇದಕ ಅನ್ನೋದು ನೆನಪಿರಲಿ. ಕೊನೇ ಮಾತು ನಿಮ್ಮ ಕಣ್ಣಿನದೇ ಆಗಿರಬೇಕು.

ಬೆಳಕಿನ ಅಳತೆ ಬಗ್ಗೆ ಎರಡು ಮಾತು. ಎಫ್-801 ಚೌಕಟ್ಟನ್ನ ಐದು ಭಾಗ ಮಾಡಿ ಒಟ್ಟು ಬೆಳಕನ್ನ ತೂಗಿ ನೋಡುತ್ತೆ. ಇದಕ್ಕೆ ಮ್ಯಾಟ್ರಿಕ್ಸ್ ಅಂತಾರೆ. ಮದುವೆ ಮನೆಗೆ ಇದು ಒಳ್ಳೇದು. ಶಾಸನಕ್ಕೆ ನಡುಭಾಗಕ್ಕೆ ಹೆಚ್ಚು ತೂಕ ಕೊಡುವ ಹಳೇ ರೀತಿಯೇ ವಾಸಿ, ಯಾಕಂದ್ರೆ ಅದು ಹೇಗೆ ತಪ್ಪುತ್ತೆ ಅಂತ ನಮಗೆ ಮೊದಲೇ ಗೊತ್ತಿರುತ್ತೆ. ಯಾವ ಮೀಟರೂ ಎದುರಿನದ್ದು ಮಧ್ಯಮ ಬೂದುಬಣ್ಣ ಅಂತಲೇ ನಂಬೋದು. ಎಣ್ಣೆ ಕುಡಿದ ಕಪ್ಪು ಕಲ್ಲಿಗೆ ಹಿಡಿದರೆ ಅದನ್ನೂ ಬೂದು ಮಾಡೋಕೆ ಹೋಗಿ ಬೆಳಕು ಜಾಸ್ತಿ ಬಿಡುತ್ತೆ, ಸುಣ್ಣ ಬಳಿದ ಕಲ್ಲಿಗೆ ಕಡಿಮೆ ಬಿಡುತ್ತೆ. ಕಪ್ಪಿಗೆ ಒಂದು ಸ್ಟಾಪ್ ಇಳಿಸಿ, ಬಿಳಿಗೆ ಒಂದು ಏರಿಸಿ. ಈ ತಿದ್ದುಪಡಿಗೆ ಗುಂಡಿ ಇದೆ, ಎರಡೂ ಕಡೆ ಐದು ಸ್ಟಾಪಿನವರೆಗೆ ಹೋಗುತ್ತೆ. ಎಫ್-801ಎಸ್ ಸಿಕ್ಕರೆ ಸ್ಪಾಟ್ ಮೀಟರ್ ಕೂಡ ಇದೆ, ಚೌಕಟ್ಟಿನ ಶೇ. 1ರಷ್ಟು ಜಾಗವನ್ನ ಮಾತ್ರ ಅಳೆಯುತ್ತೆ. ಎಲ್ಲ ಕ್ಯಾಮೆರಾಕ್ಕೇ ಬಿಡುವ ಪ್ರೋಗ್ರಾಮ್ ಸ್ಥಿತಿ ಮೂರು ಬಗೆ ಇವೆ, ನಮಗೆ ಮೂರೂ ಬೇಡ. ಅಪರ್ಚರ್ ನಮ್ಮ ಕೈಯಲ್ಲಿರಬೇಕು.

ರೀಲಿನ ವೇಗವನ್ನ ಕ್ಯಾಮೆರಾ ತಾನೇ ಓದ್ಕೊಳ್ಳುತ್ತೆ. ರೀಲಿನ ಡಬ್ಬಿಯ ಮೇಲೆ ಬೆಳ್ಳಿ, ಕಪ್ಪು ಚೌಕಗಳು ಇರುತ್ತವಲ್ಲ, ಎರಡು ಸಾಲು, ಸಾಲಿಗೆ ಆರು. ಕೊಡಾಕ್ 1983ರಲ್ಲಿ ತಂದ ಡಿಎಕ್ಸ್ ಸಂಕೇತ ಅದು. ಮೊದಲ ಸಾಲಿನಲ್ಲಿ ಒಂದು ಚೌಕ ಎಲ್ಲಕ್ಕೂ ಸಾಮಾನ್ಯ, ಉಳಿದ ಐದರಲ್ಲಿ ಯಾವುದು ಬೆಳ್ಳಿ ಯಾವುದು ಕಪ್ಪು ಅನ್ನೋದೇ ವೇಗ. ಎರಡನೇ ಸಾಲಿನಲ್ಲಿ ಎಷ್ಟು ಚಿತ್ರ ಅನ್ನೋದೂ ಬರೆದಿರುತ್ತೆ. ಲೋಹದ ಮೇಲಿನ ಬರಹ ಅಂದಮೇಲೆ ಇದೂ ಒಂಥರಾ ತಾಮ್ರಶಾಸನವೇ, ಓದುವವರು ಬೇರೆ ಅಷ್ಟೆ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನವರ ಇಂದು ಕಪ್ಪುಬಿಳುಪು ರೀಲು ನೆನಪಿದ್ದವರು ಕೈ ಎತ್ತಿ! ಬಿಡಿಯಾಗಿ ಕತ್ತರಿಸಿ ಹಳೇ ಡಬ್ಬಿಗೆ ತುಂಬಿದ ರೀಲು ಹಾಕುವಾಗ ಎಚ್ಚರ. ಡಬ್ಬಿಯ ಸಂಕೇತ ಹಿಂದಿನ ರೀಲಿನದ್ದಾಗಿರುತ್ತೆ, ಕ್ಯಾಮೆರಾ ಅದನ್ನೇ ನಂಬುತ್ತೆ. ಆಗ ವೇಗವನ್ನ ಕೈಯಿಂದ ಕೊಡಬೇಕು.

ಫ್ಲ್ಯಾಶ್ ವಿಷಯಕ್ಕೆ ಬಂದರೆ ನಾನು ಈ ಕ್ಯಾಮೆರಾದ ಪಕ್ಷಪಾತಿ. ಶಾಸನಕ್ಕೆ ಬೇಕಾದದ್ದು ಓರೆ ಬೆಳಕು, ಅದು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಏಳಕ್ಕೋ ಸಂಜೆ ಐದಕ್ಕೋ ಬಿಸಿಲು ಕಲ್ಲಿನ ಮೈ ಸವರಿಕೊಂಡು ಹೋಗುವಾಗ ಅಕ್ಷರ ಎದ್ದು ನಿಲ್ಲುತ್ತೆ. ನಾವು ಹೋಗೋದು ಮಟಮಟ ಮಧ್ಯಾಹ್ನ. ಎಫ್-801ರ ಫ್ಲ್ಯಾಶ್ 1/250 ಸೆಕೆಂಡಿನವರೆಗೆ ಹೊಂದಿಕೊಳ್ಳುತ್ತೆ. ಹಳೇ ಕ್ಯಾಮೆರಾಗಳಲ್ಲಿ ಎಷ್ಟೋ 1/60ಕ್ಕೋ 1/125ಕ್ಕೋ ನಿಲ್ತಿದ್ವು. ಇದರಿಂದ ಏನು ಲಾಭ? ಕಲ್ಲಿಗೆ ಕೊಡೆಯ ನೆರಳು ಹಿಡಿಸಿ. ನೆರಳಿನಲ್ಲಿ 100 ವೇಗದ ರೀಲಿಗೆ 1/125, ಎಫ್/5.6 ಆಸುಪಾಸು ಬರುತ್ತೆ ಅಂತಿಟ್ಟುಕೊಳ್ಳಿ. ನೀವು 1/250, ಎಫ್/11 ಇಟ್ಟರೆ ಆ ನೆರಳಿನ ಬೆಳಕು ಎಂಟನೇ ಒಂದು ಪಾಲಿಗೆ ಇಳಿಯುತ್ತೆ. ಈಗ ಬದಿಯಿಂದ ಫ್ಲ್ಯಾಶ್ ಹೊಡೆದರೆ ಕಲ್ಲಿನ ಮೇಲೆ ಅದೊಂದೇ ಬೆಳಕು ಇದ್ದ ಹಾಗೆ. ನಡುಮಧ್ಯಾಹ್ನ ಸಂಜೆ ಐದು ಗಂಟೆ ಆಗುತ್ತೆ.

ಇದೇ ಕ್ಯಾಮೆರಾದ ಜೊತೆ ಬಂದ ಎಸ್‌ಬಿ-24 ಫ್ಲ್ಯಾಶನ್ನ ಎಸ್‌ಸಿ-17 ಅನ್ನುವ ವೈರಿನಿಂದ ಹೊರಗೆ ತಂದು ಬದಿಯಲ್ಲಿ ಹಿಡಿಯಬಹುದು. ಹಾಗೆ ಹಿಡಿದರೂ ಟಿಟಿಎಲ್ ಕೆಲಸ ಮಾಡುತ್ತೆ. ಅಂದ್ರೆ ಲೆನ್ಸಿನ ಮೂಲಕ ಬಂದು ಫಿಲ್ಮಿನ ಮೇಲೆ ಬಿದ್ದು ಚದುರಿದ ಬೆಳಕನ್ನ ಕ್ಯಾಮೆರಾ ಅಳೆದು, ಸಾಕು ಅನ್ನಿಸಿದ ಕ್ಷಣ ಫ್ಲ್ಯಾಶ್ ನಿಲ್ಲಿಸುತ್ತೆ. ಕೊಡೆ ಹಿಡಿಯೋಕೆ ಒಬ್ಬರು, ಫ್ಲ್ಯಾಶ್ ಹಿಡಿಯೋಕೆ ಒಬ್ಬರು ಬೇಕು. ಊರಿನ ಹುಡುಗರು ಸಂತೋಷವಾಗಿ ಬರ್ತಾರೆ, ಇಬ್ಬರು ಬೇಕು ಅಂದ್ರೆ ಹನ್ನೆರಡು ಜನ. ನನ್ನ ಎರಡನೇ ನೆಗೆಟಿವ್ ಚೊಕ್ಕವಾಗಿ ಬಂದದ್ದು ಹೀಗೇ. ಮೊದಲನೇದು ತೆಗೆದ ಮೇಲೆ ಬೆಳಕು ಸಾಲಲ್ಲ ಅಂತ ಅನ್ನಿಸಿ ಫ್ಲ್ಯಾಶ್ ಹೊರಗೆ ತೆಗೆದೆ, ಎಫ್/11ಕ್ಕೆ ಇಳಿಸಿದೆ, ಆ ಕಡೆ ಹುಲ್ಲೂ ಇರಲಿಲ್ಲ. ಮೊದಲನೇದನ್ನ ಮತ್ತೊಮ್ಮೆ ತೆಗೆಯೋಣ ಅಂತ ಹೊಳೀಲೇ ಇಲ್ಲ. ರೀಲಿನಲ್ಲಿ ಉಳಿದಿದ್ದದ್ದು ಎರಡೇ ಚಿತ್ರ, ದಾರಿಯಲ್ಲಿ ಇನ್ನೊಂದು ಕಲ್ಲು ಇತ್ತು.

ಇಡೀ ಕಲ್ಲನ್ನ ಒಂದೇ ಚಿತ್ರದಲ್ಲಿ ತುಂಬಿದರೆ 36 ಮಿ.ಮೀ. ಉದ್ದದ ನೆಗೆಟಿವ್‌ನಲ್ಲಿ ಮೂರು ಸೆಂ.ಮೀ. ಅಕ್ಷರ ಒಂದು ಮಿ.ಮೀ.ಗಿಂತ ಚಿಕ್ಕದಾಗುತ್ತೆ. ಅರ್ಧ ಮೀಟರ್ ಅಗಲದ ತುಂಡುಗಳಾಗಿ ತೆಗೆದರೆ ಎರಡು ಮಿ.ಮೀ. ಮೀರುತ್ತೆ. ಆದ್ದರಿಂದ ತುಂಡು ತುಂಡಾಗಿ ತೆಗೆಯಬೇಕು, ಒಂದರ ಅಂಚು ಇನ್ನೊಂದರೊಳಗೆ ಕಡೇ ಪಕ್ಷ ಕಾಲು ಭಾಗ ನುಗ್ಗಿರಬೇಕು. ವ್ಯೂಫೈಂಡರಿನ ಪರದೆಯನ್ನ ಬದಲಾಯಿಸಬಹುದು. ಗೆರೆಗಳ ಜಾಲ ಇರುವ ಇ ಪರದೆ ಹಾಕಿದರೆ ಸಾಲುಗಳು ಸೊಟ್ಟ ಆಗಲ್ಲ, ತುಂಡುಗಳನ್ನ ಜೋಡಿಸೋದೂ ಸುಲಭ. ಕನ್ನಡಕ ಹಾಕಿದವರಿಗೆ ಇನ್ನೊಂದು ಅನುಕೂಲ ಏನಂದ್ರೆ, ಕಣ್ಣನ್ನ ಸ್ವಲ್ಪ ದೂರ ಇಟ್ಟರೂ ಇದರ ವ್ಯೂಫೈಂಡರ್ ಪೂರ್ತಿ ಕಾಣುತ್ತೆ. ಟ್ರೈಪಾಡ್ ಮೇಲಿಟ್ಟು ಸೆಲ್ಫ್ ಟೈಮರ್ ಹಾಕಿದರೆ ಕೈನಡುಕ ತಪ್ಪುತ್ತೆ, 30 ಸೆಕೆಂಡಿನವರೆಗೆ ಇಡಬಹುದು. ಕನ್ನಡಿಯನ್ನ ಮೊದಲೇ ಮೇಲೆತ್ತಿ ನಿಲ್ಲಿಸುವ ಸೌಲಭ್ಯ ಮಾತ್ರ ಇಲ್ಲ, ಇದು ನನ್ನ ದೂರು. 1/8000 ಸೆಕೆಂಡಿನ ಷಟರ್ ಅಂತ ಆಗ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಎಂಟು ನೂರು ವರ್ಷದಿಂದ ಅಲ್ಲಾಡದ ಕಲ್ಲಿಗೆ ಅದು ಯಾಕೆ?

ಇನ್ನು ನೆಗೆಟಿವ್ ಕಾಪಾಡೋದು. ಬಣ್ಣದ್ದರಲ್ಲಿ ಉಳಿಯೋದು ವರ್ಣದ್ರವ್ಯ, ಅದು ಮಾಸುತ್ತೆ. ಸರಿಯಾಗಿ ತೊಳೆದ ಕಪ್ಪುಬಿಳುಪಿನಲ್ಲಿ ಉಳಿಯೋದು ಬೆಳ್ಳಿ, ಅದಕ್ಕೆ ಆಯುಷ್ಯ ಹೆಚ್ಚು. ಆದರೆ ಅಸಿಟೇಟ್ ಪಟ್ಟಿ ತೇವ, ಸೆಖೆಗೆ ಹುಳಿ ವಾಸನೆ ಹೊಡೆಯೋಕೆ ಶುರು ಮಾಡಿದರೆ ಕೊಳೆಯುತ್ತಿದೆ ಅಂತ ಅರ್ಥ, ತಕ್ಷಣ ಬೇರೆ ಮಾಡಿ ಸ್ಕ್ಯಾನ್ ಮಾಡಿಸಿ. ಕರಾವಳಿಯವರು ಸಿಲಿಕಾ ಜೆಲ್ ಇಲ್ಲದೆ ಇಡಲೇಬೇಡಿ.

ಸ್ಕ್ಯಾನ್ ಮಾಡಿಸುವಾಗ ನೆಗೆಟಿವ್‌ನ ಚೌಕಟ್ಟಿನ ಕಪ್ಪು ಅಂಚು ಕಾಣುವ ಹಾಗೆ ಪೂರ್ತಿ ಮಾಡಿಸಿ. ಎಫ್-801ರ ವ್ಯೂಫೈಂಡರ್ ತೋರಿಸೋದು ಚಿತ್ರದ ಸುಮಾರು ಶೇ. 92 ಮಾತ್ರ. ನಾವು ನೋಡಿದ್ದಕ್ಕಿಂತ ಹೆಚ್ಚು ಫಿಲ್ಮಿನ ಮೇಲೆ ಇರುತ್ತೆ. ಸ್ಟುಡಿಯೋದವರು ಪ್ರಿಂಟ್ ಹಾಕುವಾಗ ಆ ಅಂಚನ್ನ ಕತ್ತರಿಸಿರ್ತಾರೆ. ನಾನು ವರ್ಷಗಟ್ಟಲೆ ಪ್ರಿಂಟನ್ನೇ ನೋಡ್ತಿದ್ದೆ. ಪ್ರಿಂಟಿನಲ್ಲಿ ಎರಡನೇ ಚಿತ್ರ 'ಯ'ದಿಂದ ಶುರುವಾಗುತ್ತೆ. ನೆಗೆಟಿವನ್ನ ಅಂಚಿನವರೆಗೆ ಸ್ಕ್ಯಾನ್ ಮಾಡಿಸಿದಾಗ 'ಯ'ದ ಎಡಕ್ಕೆ ಇನ್ನೂ ಎರಡು ಸೆಂ.ಮೀ. ಕಲ್ಲು ಇತ್ತು. ಹಿಂದಿನ ಅಕ್ಷರದ ಬಲ ಅರ್ಧ. ಓರೆ ಬೆಳಕಿನಲ್ಲಿ, ಚೊಕ್ಕ ಫೋಕಸ್‌ನಲ್ಲಿ, ಕೆಳಗಿನಿಂದ ಬಲಕ್ಕೆ ಬಳುಕಿ ಮೇಲಕ್ಕೆ ಏರುವ ಒಂದು ಗೀರು ಕಾಣುತ್ತೆ.

ನಾನು ಅದನ್ನ ಯಕಾರದ ಒತ್ತು ಅಂತ ಓದ್ತೀನಿ. ಕ್ಷಕಾರದಲ್ಲಿ ಷದ ಒತ್ತು ಅಕ್ಷರದ ಕೆಳಗೇ ಕೂರುತ್ತೆ, ಹಾಗೆ ಬಲಕ್ಕೆ ಏರಲ್ಲ. ಅಂದರೆ ವ್ಯಯ, ಶಕ 1028, ಒಂದನೇ ಬಲ್ಲಾಳ. ನನಗೆ ಲಿಪಿ ಕಲಿಸಿದ ಹಿರಿಯರೊಬ್ಬರಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಇದು ಬಿರುಕೂ ಆಗಿರಬಹುದು ಕಣಯ್ಯ, ಪಕ್ಕದ ಚಿತ್ರ ಎಲ್ಲಿ?" ಅಂದ್ರು. ಮಸುಕಾದದ್ದನ್ನ ಕೊಟ್ಟೆ. ನೋಡಿದ್ರು, ವಾಪಸ್ ಕೊಟ್ರು, ಕಾಫಿ ತರಿಸಿದ್ರು.